ತೆಳು ದನಿಯವರು

ಜನವರಿ ೧೨

ಪ್ರೀತಿಯ ಪಿಟೀಲಿಗೆ,

ಅಕ್ಕನಿಂದ ಕಾಗದ ಬಂತಲ್ಲ ಎಂದು ಲಕೋಟೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿರುತ್ತೀಯ. ಗಾಬರಿ ಬೇಡ, ಯಾರಿಗೂ ಏನೂ ಆಗಿಲ್ಲ. ಇನ್ನು ಮೇಲೆ ನಾವಿಬ್ಬರೂ ಹೀಗೇ ಬರೆದುಕೊಳ್ಳೋಣ ಎಂದು ನನ್ನ ಆಸೆ. ನನ್ನ ಫೋನು ಹಳತಾಗಿದೆ. ಡ್ಯೂಟಿ ಮುಗಿಸಿ ಬಂದರೆ ಮಾತಾಡುವ ತ್ರಾಣವೂ ಉಳಿದಿರುವುದಿಲ್ಲ. ನೀನೋ ಶುರುಮಾಡಿದರೆ ಕುಯ್ಯುತ್ತಲೇ ಇರುತ್ತೀಯ. ಅಮ್ಮ ನಿನಗೆ ಆ ಹೆಸರನ್ನು ಸುಮ್ಮನೆ ಇಡಲಿಲ್ಲ. ಕಾಗದವಾದರೆ ಬಿಡುವಾದಾಗ ಬಿಚ್ಚಿ ಓದಿಕೊಳ್ಳಬಹುದು.

ಇಲ್ಲಿ ಕೆಲಸ ಎಂದಿನಂತೆ. ಆಪರೇಷನ್ ಥಿಯೇಟರ್ ಎಂದರೆ ಎಲ್ಲರೂ ಪಿಸುಗುಟ್ಟುವ ಜಾಗ ಎಂದು ಜನ ತಿಳಿದಿರುತ್ತಾರೆ. ಮೂಳೆಯವರ ಥಿಯೇಟರಿಗೆ ಒಂದು ದಿನ ಬಂದು ನಿಲ್ಲಬೇಕು. ಬಡಗಿಗೂ ನಮಗೂ ಇರುವ ವ್ಯತ್ಯಾಸ ಇಷ್ಟೇ, ನಾವು ಕೈ ತೊಳೆದುಕೊಂಡಿರುತ್ತೇವೆ. ಮಂಡಿ ಬದಲಿಸುವ ದಿನ ಗರಗಸ ಹಚ್ಚಿದರೆಂದರೆ ಹಲ್ಲಿನ ಬೇರಿನವರೆಗೂ ಜುಂ ಎನ್ನುತ್ತದೆ. ತೊಡೆಮೂಳೆಯೊಳಗೆ ಸರಳು ಹೊಡೆಯುವಾಗ ಲೋಹಕ್ಕೆ ಲೋಹ ಬಡಿದು ಕಿವಿಯಲ್ಲಿ ಕಿಡಿ ಹಾರಿದ ಹಾಗಾಗುತ್ತದೆ. ಇವೆಲ್ಲದರ ಮೇಲೆ ನಮ್ಮ ದೊಡ್ಡ ಡಾಕ್ಟರ ಕೂಗು. "ಸುತ್ತಿಗೆ ಕೇಳಿದ್ರೆ ಸುತ್ತಿಗೆ ಕೊಡಮ್ಮಾ, ನನ್ನ ಮುಖ ಏನು ನೋಡ್ತೀಯಾ." ಹೊಸಬರು ನಡುಗುತ್ತಾರೆ. ನನಗೆ ಅದು ಎಷ್ಟೋ ವರ್ಷದ ಅಭ್ಯಾಸ. ಅವರು "ಊಟ ಆಯ್ತಾ" ಎಂದು ಕೇಳಿದರೂ ಪಕ್ಕದ ಕಟ್ಟಡದವರು "ಆಯ್ತು" ಎನ್ನಬೇಕು, ಹಾಗೆ.

ಮನೆಯಲ್ಲಿ ಫ್ರಿಜ್ಜು ಕೆಟ್ಟಿದೆ. ಇಡೀ ದಿನ ಕುಂಯ್ ಎನ್ನುತ್ತಿರುತ್ತದೆ. ರಿಪೇರಿಯವನನ್ನು ಕರೆಸಿದರೆ ಏನೂ ಆಗಿಲ್ಲ ಎಂದು ಹೋದ. ನಿನ್ನ ಭಾವನೂ ಅವನ ಪಕ್ಷ. ಮನೆಯೊಳಗಿನ ಸದ್ದು ಗಂಡಸರಿಗೆ ಯಾವತ್ತು ಕೇಳಿಸಿದೆ ಹೇಳು.

ಅಮ್ಮನಿಗೆ ನನ್ನ ನೆನಪು ಹೇಳು.

ನಿನ್ನ ಅಕ್ಕ


ಫೆಬ್ರವರಿ ೮

ಅಕ್ಕಾ,

ನಿನ್ನ ಕಾಗದ ಓದಿ ಅಮ್ಮನೂ ನಾನೂ ನಕ್ಕೆವು. ಆದರೂ ಮನಸ್ಸು ತಡೆಯದೆ ಮೊನ್ನೆ ಫೋನ್ ಮಾಡಿದೆನಲ್ಲ, ಅದರಿಂದ ಬೇಜಾರಾಯಿತು. ಮುಚ್ಚಿಟ್ಟು ಏನು ಮಾಡಲಿ, ಹೇಳಿಬಿಡುತ್ತೇನೆ.

"ಅಮ್ಮನಿಗೆ ಮೆಟ್ಲು ಹತ್ತಕ್ಕೇ ಆಗ್ತಿಲ್ಲ ಕಣೇ" ಅಂದೆ. ನೀನು "ಒಳ್ಳೇದಾಯ್ತು ಬಿಡು" ಅಂದೆ. ತಮಾಷೆ ಇರಬೇಕು ಎಂದುಕೊಂಡು, "ಎಲ್ಲಾದ್ರೂ ಬಿದ್ದುಗಿದ್ದಾಳು ಅಂತ ಭಯ ಆಗುತ್ತೆ" ಅಂದೆ. "ಹೂಂ, ಹೂಂ, ನಮ್ಮಲ್ಲೂ ಹಾಗೇ" ಎಂದು ನೀನು ಫೋನ್ ಇಟ್ಟುಬಿಟ್ಟೆ. ನಾನು ಮಾತಾಡುವಾಗ ನಿನ್ನ ಗಮನ ಎಲ್ಲಿತ್ತು? ಭಾವನ ಅಣ್ಣ ಫೋನ್ ಮಾಡಿದರೆ ಅರ್ಧ ಗಂಟೆ ನಗುನಗುತ್ತಾ ಮಾತಾಡುತ್ತೀಯಂತೆ. ಭಾವನೇ ಹೇಳಿದರು. ಅವರ ಗುಡುಗಿನಂಥ ಗಂಟಲು ಹಿಡಿಸುತ್ತದೆ, ಒಡಹುಟ್ಟಿದವಳ ದನಿ ಮಾತ್ರ ತಲೆನೋವು.

ಅಮ್ಮನನ್ನು ನನ್ನ ಮನೆಯಲ್ಲಿ ಇಟ್ಟುಕೊಂಡದ್ದು ನಿನಗೆ ಇಷ್ಟವಿಲ್ಲವೇ? ಇದ್ದರೆ ನೇರವಾಗಿ ಹೇಳು. ನನಗೆ ಕನ್ನಡಕದ ಅಂಗಡಿಯಲ್ಲಿ ಇಡೀ ದಿನ ಜನರ ಮುಖ ನೋಡುವ ಕೆಲಸ, ಮುಖ ಕಂಡರೆ ಮನಸ್ಸು ಗೊತ್ತಾಗುತ್ತದೆ. ದೂರದಲ್ಲಿರುವ ನಿನ್ನ ಮನಸ್ಸನ್ನು "ಹೂಂ"ನಲ್ಲಿ ಓದಲು ನನಗೆ ಬರುವುದಿಲ್ಲ.

ಪಿಟೀಲು


ಮಾರ್ಚ್ ೯

ಪಿಟೀಲು,

ಅವತ್ತು ಲೈನು ಸರಿ ಇರಲಿಲ್ಲ. ನೀನು ಹೇಳಿದ್ದೊಂದು, ನನ್ನನ್ನು ತಲುಪಿದ್ದೊಂದು. ಅಷ್ಟಕ್ಕೇ ಮುಖ ಊದಿಸಿಕೊಳ್ಳಬೇಡ. ಅಮ್ಮ ನಿನ್ನ ಹತ್ತಿರ ಇದ್ದಾಳೆ ಎಂಬ ಧೈರ್ಯದಿಂದಲೇ ನಾನು ಇಲ್ಲಿ ನಿಶ್ಚಿಂತೆಯಾಗಿದ್ದೇನೆ. ಬಚ್ಚಲಲ್ಲಿ ಗೋಡೆಗೆ ಹಿಡಿಕೆ ಹಾಕಿಸು. ಬಾಗಿಲ ಹತ್ತಿರ ಜಾರುವ ಚಾಪೆ ಇದ್ದರೆ ಎತ್ತಿಬಿಡು. ಇದನ್ನು ದಿನಾ ಮುರಿದ ಸೊಂಟ ನೋಡುವವಳಾಗಿ ಹೇಳುತ್ತಿದ್ದೇನೆ, ಉದಾಸೀನ ಮಾಡಬೇಡ.

ದೊಡ್ಡ ಡಾಕ್ಟರು ನಿವೃತ್ತರಾದರು. ಬೀಳ್ಕೊಡುಗೆಯಲ್ಲಿ ಮೈಕು ಕೈಗೆ ಕೊಟ್ಟರೆ ಪಕ್ಕಕ್ಕಿಟ್ಟು ಮಾತಾಡಿದರು. ಕೊನೆಯ ಸಾಲಿನವರಿಗೂ ಕೇಳಿಸಿತು. ಅವರ ಜಾಗಕ್ಕೆ ಬಂದಿರುವವಳು ಚಿಕ್ಕ ವಯಸ್ಸಿನ ಡಾಕ್ಟರು. ಕೈ ಚುರುಕು, ಅದನ್ನು ಒಪ್ಪಬೇಕು. ಆದರೆ ಮಾತೋ, ಮಾಸ್ಕಿನೊಳಗೆ ತನಗೆ ತಾನೇ ಹೇಳಿಕೊಂಡ ಹಾಗೆ. ಬಾಯಿ ಬಿಟ್ಟರೆ ಮುತ್ತು ಉದುರಿಬಿಡುತ್ತದೆ ಎಂದು ಭಯವೇನೋ. ಇನ್ನೊಂದು ಸಲ ಹೇಳಿ ಎಂದರೆ ಕಣ್ಣೆತ್ತಿ ನೋಡುತ್ತಾಳೆ. ದೊಡ್ಡ ಡಾಕ್ಟರ ದರ್ಪ ಕೂಗಿನಲ್ಲಿತ್ತು, ಇವಳದ್ದು ಮೆಲುದನಿಯಲ್ಲಿದೆ. ಕಳೆದ ವಾರ ನಮ್ಮಿಬ್ಬರ ನಡುವೆ ಒಂದು ಸಣ್ಣ ಮಾತು ಬಂತು. ದೊಡ್ಡದೇನಲ್ಲ, ಬಿಡು.

ಫ್ರಿಜ್ಜು ಬದಲಾಯಿಸಿದೆವು. ಹೊಸದೂ ಹಾಗೇ ಕೂಗುತ್ತದೆ.

ನಿನ್ನ ಅಕ್ಕ


ಮೇ ೨

ಅಕ್ಕಾ,

ನೀನು ಬಸ್ಸು ಹತ್ತಿ ಹೋದ ಮೇಲೆ ಇದನ್ನು ಬರೆಯಬಾರದು ಎಂದುಕೊಂಡಿದ್ದೆ. ಒಳಗೆ ಇಟ್ಟುಕೊಂಡರೆ ಕೊಳೆಯುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ಅಮ್ಮ ಬಚ್ಚಲಲ್ಲಿ ಬಿದ್ದು ತೊಡೆಯ ಕೀಲು ಮುರಿದುಕೊಂಡಳು ಎಂದು ಭಾವನಿಗೆ ತಿಳಿಸಿದ ಮಾರನೆಯ ದಿನವೇ ನೀನು ಬಂದೆ. ವಾರ್ಡಿನ ಬಾಗಿಲಲ್ಲಿ ನಿನ್ನನ್ನು ಕಂಡ ಕೂಡಲೇ ನನ್ನ ಎದೆಯ ಮೇಲಿನ ಕಲ್ಲು ಇಳಿಯಿತು. ಮೂಳೆಯ ನಡುವೆಯೇ ಬದುಕಿದವಳು ಬಂದಳಲ್ಲ, ಇನ್ನು ನನಗೇನು ಎಂದುಕೊಂಡೆ. ಇಲ್ಲಿನ ಡಾಕ್ಟರು ವರಾಂಡದಲ್ಲಿ ನಿಂತು, ಮಾಸ್ಕ್ ಕೂಡ ತೆಗೆಯದೆ, ಎರಡು ದಾರಿ ಇದೆ ಎಂದು ಏನೇನೋ ವಿವರಿಸಿದರು. ನನಗೆ ತಲೆಬುಡ ತಿಳಿಯಲಿಲ್ಲ. ನಿನ್ನ ಮುಖ ನೋಡಿದೆ. ನೀನು ತಲೆಯಾಡಿಸುತ್ತಿದ್ದೆ. ಕೊನೆಗೆ ನೀನೇ, "ನಿಮಗೆ ಸರಿ ಅನ್ಸಿದ್ದು ಮಾಡಿ ಡಾಕ್ಟ್ರೇ" ಅಂದೆ. ನಾನು ಆಮೇಲೆ ಕೇಳಿದರೆ, "ಅವರೆಲ್ಲ ನೋಡ್ಕೋತಾರೆ, ಬಾ" ಅಂದೆ. ಒಂದು ಪ್ರಶ್ನೆಯನ್ನೂ ಕೇಳಲಿಲ್ಲ ನೀನು. ನಮ್ಮ ಅಮ್ಮನ ಕಾಲಿನ ಬಗ್ಗೆ.

ಹೋಗಲಿ. ಆಪರೇಷನ್ ಚೆನ್ನಾಗಿಯೇ ಆಯಿತು, ಹೊಸ ಕೀಲು ಹಾಕಿದರು. ಮೂರನೆಯ ದಿನ ಮಧ್ಯಾಹ್ನ ನಾನು ಔಷಧಿ ತರಲು ಕೆಳಗೆ ಹೋಗಿದ್ದೆ. ನೀನು ಹಾಸಿಗೆಗೆ ಬೆನ್ನು ಹಾಕಿ, ಕಿಟಕಿಯ ಹತ್ತಿರ ನಿಂತು ಬಟ್ಟೆ ಮಡಿಸುತ್ತಿದ್ದೆ. ಅಮ್ಮ ನಿನ್ನನ್ನು ಕರೆದಳು. ಮತ್ತೆ ಮತ್ತೆ ಕರೆದಳು. ಪಕ್ಕದ ಹಾಸಿಗೆಯವಳ ಕಾಲಿಗೆ ತೂಕ ಕಟ್ಟಿದ್ದರು, ಅವಳು ಎದ್ದು ಬರುವ ಹಾಗಿರಲಿಲ್ಲ. ಅವಳೇ ನನಗೆ ಹೇಳಿದ್ದು: "ನಿಮ್ಮಮ್ಮ ಕರ್ದು ಕರ್ದು ಸಾಕಾಗಿ ತಾವೇ ಎದ್ರಮ್ಮ. ನಾನೂ ಕೂಗ್ದೆ. ನಿಮ್ಮಕ್ಕ ತಿರುಗಿ ಕೂಡ ನೋಡ್ಲಿಲ್ಲ."

ಅಮ್ಮ ನೆಲಕ್ಕೆ ಬಿದ್ದಳು. ಹೊಸ ಕೀಲು ಜಾರಿತು. ಮತ್ತೆ ಮಂಪರು ಕೊಟ್ಟು ಅದನ್ನು ಕೂರಿಸಬೇಕಾಯಿತು. "ಎಲ್ಲಿತ್ತೇ ನಿನ್ನ ಗ್ಯಾನ" ಎಂದು ನಾನು ಎಲ್ಲರ ಎದುರಿಗೆ ಕೇಳಿದೆ. ನೀನು ಮತ್ತೆ ಬಟ್ಟೆ ಮಡಿಸತೊಡಗಿದೆ.

ಈಗ ಅಮ್ಮ ದಿನಾ ನನ್ನನ್ನು ಕೇಳುತ್ತಾಳೆ, "ದೊಡ್ಡವಳಿಗೆ ನನ್ನ ಮೇಲೆ ಏನಮ್ಮಾ ಸಿಟ್ಟು?" ನಾನು ಏನು ಹೇಳಲಿ?

ನಿನ್ನ ತಂಗಿ


ಜೂನ್ ೬

ಅಕ್ಕಾ,

ನಿನ್ನಿಂದ ಒಂದು ಸಾಲೂ ಇಲ್ಲ. ಕಟುವಾಗಿ ಬರೆದೆ, ನಿಜ. ತಪ್ಪು ಎಂದರೆ ಬೈದು ಬರೆ, ಸುಮ್ಮನಿರಬೇಡ. ಅಮ್ಮ ಕೋಲು ಹಿಡಿದು ಕಿಟಕಿಯವರೆಗೆ ಹೋಗುತ್ತಾಳೆ, ಅಲ್ಲಿಂದ ಮುಂದೆ ಒಲ್ಲೆ ಎನ್ನುತ್ತಾಳೆ. ಭಾವನನ್ನು ಕೇಳಿದರೆ "ನಿಮ್ಮಕ್ಕ ಚೆನ್ನಾಗಿದ್ದಾಳೆ, ಅವಳೇ ಬರೀತಾಳೆ" ಎನ್ನುತ್ತಾರೆ. ಅವರ ದನಿ ಚೆನ್ನಾಗಿಲ್ಲ.

ಪಿಟೀಲು


ಜುಲೈ ೧

ನನ್ನ ಪಿಟೀಲು,

ಉತ್ತರ ಬರೆಯಲು ಕೂತು ಎಷ್ಟೋ ಹಾಳೆ ಹರಿದೆ. ಸುತ್ತಿ ಬಳಸಿ ಬರೆದರೆ ಮತ್ತೆ ಸುಳ್ಳಾಗುತ್ತದೆ. ನನಗೆ ಕಿವಿ ಕೇಳಿಸುವುದಿಲ್ಲ ಕಣೇ.

ಪೂರ್ತಿ ಹೋಗಿಲ್ಲ. ಪೂರ್ತಿ ಹೋಗಿದ್ದರೆ ಎಲ್ಲರಿಗೂ ಗೊತ್ತಾಗುತ್ತಿತ್ತು, ಮೊದಲು ನನಗೇ ಗೊತ್ತಾಗುತ್ತಿತ್ತು. ದಪ್ಪ ದನಿ ಕೇಳಿಸುತ್ತದೆ. ತೆಳು ದನಿ ಕೇಳಿಸುವುದಿಲ್ಲ. ನಿನ್ನ ಭಾವನ ಅಣ್ಣ ಮಾತಾಡಿದರೆ ಅರ್ಥವಾಗುತ್ತದೆ, ನೀನು ಮಾತಾಡಿದರೆ ಗೋಡೆಯಾಚೆ ಯಾರೋ ಏನೋ ಗುನುಗಿದ ಹಾಗಿರುತ್ತದೆ. ಅದಕ್ಕೇ ಫೋನ್ ಬೇಡ ಅಂದದ್ದು. ಊಟಕ್ಕೆ ಕೂತಾಗ ನಿನ್ನ ಭಾವ "ಸಾಕು" ಎಂದರೆ ನನಗೆ "ಹಾಕು" ಎಂದು ಕೇಳಿಸುತ್ತದೆ. ಹಾಕುತ್ತಲೇ ಇರುತ್ತೇನೆ. ಪಾಪ, ಮಾತಾಡದೆ ತಿನ್ನುತ್ತಾರೆ.

ಕೂಗುತ್ತಿದ್ದದ್ದು ಫ್ರಿಜ್ಜಲ್ಲ. ಅದು ನನ್ನ ತಲೆಯೊಳಗೆ ಇದೆ, ಥಿಯೇಟರಿನಲ್ಲೂ ಇದೆ, ಬಸ್ಸಿನಲ್ಲೂ ಇದೆ.

ದೊಡ್ಡ ಡಾಕ್ಟರು ಇರುವವರೆಗೂ ನನಗೆ ಏನೂ ತಿಳಿಯಲಿಲ್ಲ. ಅವರು ಅರಚುತ್ತಿದ್ದರು, ನಾನು ಕೊಡುತ್ತಿದ್ದೆ. ಹೊಸಬಳ ಜೊತೆ ಬಂದ ಆ ಸಣ್ಣ ಮಾತು ಏನು ಗೊತ್ತೇ? ಒಬ್ಬ ಹೆಂಗಸಿನ ಮುಂಗೈ ಮೂಳೆಗೆ ತಗಡು ಕೂರಿಸುತ್ತಿದ್ದರು. ಡಾಕ್ಟರು ಫೋರ್ಟೀನ್ ಮಿಲಿಮೀಟರಿನ ಸ್ಕ್ರೂ ಕೇಳಿದಳು, ನಾನು ಫಾರ್ಟಿ ಕೊಟ್ಟೆ. ನೋಡಿದ ಕೂಡಲೇ ಅವಳಿಗೆ ಗೊತ್ತಾಯಿತು, ಅದು ಅಷ್ಟು ಉದ್ದ. "ಸಿಸ್ಟರ್, ಫೋರ್ಟೀನ್ ಅಂದೆ" ಎಂದಳು. ನಾನು ಸೆಟೆದುಕೊಂಡು, "ಸ್ವಲ್ಪ ಬಾಯಿ ಬಿಟ್ಟು ಹೇಳಿ ಮೇಡಂ" ಅಂದೆ. ಅವತ್ತು ಮನೆಗೆ ಬಂದು ಕೂತ ಮೇಲೆ ಲೆಕ್ಕ ಹಾಕಿದೆ. ಅವಳು ಕೇಳಿದ್ದು ಹದಿನಾರಾಗಿದ್ದು, ನಾನು ಹದಿನೆಂಟು ಕೊಟ್ಟಿದ್ದರೆ? ಕಣ್ಣಿಗೆ ಕಾಣಿಸುತ್ತಿತ್ತೇ?

ಆಗಲೂ ಪರೀಕ್ಷೆಗೆ ಹೋಗಲಿಲ್ಲ. ಹೋದರೆ ನಿಜವಾಗಿಬಿಡುತ್ತದೆ ಎಂಬ ಭಯ. ಅಮ್ಮ ಬಿದ್ದ ಮೇಲೆ ಹೋದೆ. ಗಾಜಿನ ಪೆಟ್ಟಿಗೆಯೊಳಗೆ ಕೂರಿಸಿ, ಸದ್ದು ಕೇಳಿದಾಗ ಗುಂಡಿ ಒತ್ತಿ ಎಂದರು. ಬಹಳ ಹೊತ್ತು ಏನೂ ಕೇಳಿಸದೆ ಅವರು ಇನ್ನೂ ಶುರುಮಾಡಿಲ್ಲ ಎಂದು ಕಾಯುತ್ತಾ ಕೂತಿದ್ದೆ. ಗಾಜಿನಾಚೆ ಆ ಹುಡುಗಿಯ ಮುಖ ನೋಡಿದಾಗ ತಿಳಿಯಿತು, ಆಗಲೇ ಮುಗಿಯುತ್ತಾ ಬಂದಿತ್ತು. ಕಿವಿಯ ಡಾಕ್ಟರು ಹೇಳಿದರು: "ಇದು ಜೋರು ಸದ್ದಿನ ಏಟು. ವರ್ಷಗಟ್ಟಲೆ ಬಿದ್ದಿದೆ. ಒಳಗಿನ ಕೂದಲಿನಂಥ ನರ ಸತ್ತರೆ ಮತ್ತೆ ಹುಟ್ಟಲ್ಲ." ನಾನು ಎಷ್ಟು ಜನರಿಗೆ ಮುರಿದದ್ದು ಕೂಡುತ್ತದೆ ಎಂದು ಧೈರ್ಯ ಹೇಳಿದ್ದೇನೆ.

ದೊಡ್ಡ ಡಾಕ್ಟರ ಮನೆಗೆ ಹೋದೆ. ಟೀವಿಯ ಸದ್ದು ಬೀದಿಯ ತುದಿಗೇ ಕೇಳಿಸುತ್ತಿತ್ತು. ನನಗೇ ಕೇಳಿಸಿತು ಎಂದರೆ ಲೆಕ್ಕ ಹಾಕು. ನಾನು ಹೇಳಿದ ಪ್ರತಿಯೊಂದು ಮಾತನ್ನೂ ಅವರ ಹೆಂಡತಿ ಅವರ ಕಿವಿಯ ಹತ್ತಿರ ಬಾಗಿ ಮತ್ತೊಮ್ಮೆ ಹೇಳಬೇಕಾಯಿತು. ಅವರದ್ದು ನನಗಿಂತ ಮೊದಲೇ ಹೋಗಿದೆ. ಅಷ್ಟು ವರ್ಷ ಅವರು ಅರಚಿದ್ದು ಸಿಟ್ಟಿನಿಂದಲ್ಲ, ತಮ್ಮ ದನಿ ತಮಗೇ ಕೇಳಿಸದೆ. "ನಿನಗೆ ಗೊತ್ತಾಗಿದೆ ಅಂತ ನಾನು ಹೆದರ್ತಿದ್ದೆ ಕಣಮ್ಮಾ" ಎಂದರು. ಹೊಸತರಲ್ಲಿ ನಾನು ಹೆದರುತ್ತಿದ್ದದ್ದೂ ಅವರಿಗೇ. ಇಬ್ಬರೂ ಕೂತು ಕಾಫಿ ಕುಡಿದೆವು. ಮಾತಾಡಲು ಹೋದರೆ ಆ ತಾಯಿಗೆ ಎರಡೆರಡು ಸಲ ಕೂಗುವ ಶಿಕ್ಷೆ, ಅದಕ್ಕೇ ಸುಮ್ಮನಿದ್ದೆವು.

ಆ ವರಾಂಡದಲ್ಲಿ ಡಾಕ್ಟರು ಹೇಳಿದ ಎರಡು ದಾರಿ ಯಾವುದೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಅಮ್ಮ ಕರೆದದ್ದು ಕೇಳಿಸಲಿಲ್ಲ. ಬಿದ್ದ ಸದ್ದು ಮಾತ್ರ ಕೇಳಿಸಿತು.

ಅಮ್ಮನಿಗೆ ಹೇಳುವುದೋ ಬಿಡುವುದೋ ನೀನೇ ಯೋಚಿಸು.

ನಿನ್ನ ಅಕ್ಕ


ಜುಲೈ ೧೪

ಅಕ್ಕಾ,

ನಿನ್ನ ಕಾಗದವನ್ನು ಅಂಗಡಿಯ ಹಿಂದಿನ ಕೋಣೆಯಲ್ಲಿ ಓದಿದೆ. ಆಮೇಲೆ ಬಂದವರಿಗೆ ಯಾವ ಗಾಜು ಕೊಟ್ಟೆನೋ ನನಗೇ ತಿಳಿಯದು.

ಇಲ್ಲಿ ದಿನಾ ಜನ ಬಂದು, "ಕಣ್ಣು ಮಂಜಾಗಿದೆ, ಚೆನ್ನಾಗಿರೋ ಫ್ರೇಮ್ ತೋರಿಸಿ" ಎನ್ನುತ್ತಾರೆ. ಕನ್ನಡಿಯ ಮುಂದೆ ನಿಂತು ಹೇಗೆ ಕಾಣುತ್ತದೆ ಎಂದು ನನ್ನನ್ನೇ ಕೇಳುತ್ತಾರೆ. ಕಣ್ಣಿಗೆ ಇಲ್ಲದ ನಾಚಿಕೆ ಕಿವಿಗೆ ಏಕೆ? ನನ್ನ ಹತ್ತಿರವೂ ಏಕೆ? ಬಯ್ಯುತ್ತಿಲ್ಲ. ಬಯ್ಯುವ ಹಕ್ಕನ್ನು ಮೇ ತಿಂಗಳಲ್ಲೇ ಖರ್ಚುಮಾಡಿಬಿಟ್ಟೆ.

ಅಮ್ಮನಿಗೆ ಹೇಳಿದೆ. ಕೋಲನ್ನು ಗೋಡೆಗೆ ಒರಗಿಸಿ ಕೂತಳು. ಆಮೇಲೆ, "ಹಾಗಾದ್ರೆ ಸಿಟ್ಟಿಲ್ಲ" ಅಂದಳು. ಇನ್ನೊಂದು ಸ್ವಲ್ಪ ಹೊತ್ತಾದ ಮೇಲೆ, "ಸಿಟ್ಟೇ ಇದ್ದಿದ್ರೆ ಚೆನ್ನಾಗಿತ್ತು, ಹೋಗ್ತಿತ್ತು" ಅಂದಳು. ಮರುದಿನದಿಂದ ಗಂಟಲು ದಪ್ಪ ಮಾಡಿಕೊಂಡು ಮಾತಾಡುವ ಅಭ್ಯಾಸ ಶುರುವಾಗಿದೆ. ಗಂಡಸಿನ ಹಾಗೆ ಹೊಟ್ಟೆಯಿಂದ "ಏನೇ, ಚೆನ್ನಾಗಿದ್ದೀಯಾ" ಎಂದು ಗೋಡೆಗೆ ಹೇಳಿ ಕೆಮ್ಮುತ್ತಾಳೆ. ನನಗೆ ನಗುವೂ ಬರುತ್ತದೆ, ನೋಡಲೂ ಆಗುವುದಿಲ್ಲ.

ಒಂದು ಮಾತು ಕೇಳು. ಆಸ್ಪತ್ರೆಯವರಿಗೆ ಬರೆದು ಕೊಡು. ಕೆಲಸದಿಂದ ಆದದ್ದು ಎಂದು ಅವರು ಒಪ್ಪಬೇಕು. ನಿನ್ನ ಕಿವಿ ಅವರ ಥಿಯೇಟರಿನಲ್ಲಿ ಹೋದದ್ದು, ಸಂತೆಯಲ್ಲಲ್ಲ. ನೀನು ಬರೆಯದಿದ್ದರೆ ನಾನೇ ಬಂದು ಬರೆಸುತ್ತೇನೆ.

ಪಿಟೀಲು


ಸೆಪ್ಟೆಂಬರ್ ೨೦

ಪಿಟೀಲು,

ನೀನು ಹೇಳಿದಂತೆ ಬರೆದು ಕೊಟ್ಟೆ. ಚಿಕ್ಕ ಡಾಕ್ಟರೇ ಕೂತು ಬರೆಸಿಕೊಟ್ಟಳು. ಅವಳ ಬಗ್ಗೆ ನಾನು ಬರೆದದ್ದನ್ನೆಲ್ಲ ಹೊಡೆದುಹಾಕು. ನನ್ನ ಜೊತೆ ಮಾತಾಡುವಾಗ ಮಾಸ್ಕ್ ಇಳಿಸಿ, ಎದುರಿಗೆ ನಿಂತು, ನಿಧಾನವಾಗಿ ಮಾತಾಡುತ್ತಾಳೆ. ಥಿಯೇಟರಿನೊಳಗೆ ಹಾಗೆ ಮಾಡಲಾಗುವುದಿಲ್ಲವಲ್ಲ. "ನನ್ನ ಕಿವಿ ಇನ್ನೂ ಚೆನ್ನಾಗಿದೆ ಸಿಸ್ಟರ್, ಎಷ್ಟು ದಿನವೋ" ಎಂದಳು.

ಸದ್ದು ಅಳೆಯುವವನು ಒಂದು ಯಂತ್ರ ತಂದು ಗೋಡೆಗೆ ನೇತುಹಾಕಿದ. ಸುತ್ತಿಗೆ ಬಿದ್ದಾಗಲೆಲ್ಲ ಅದರ ಮುಳ್ಳು ಕೆಂಪಿಗೆ ಹಾರುತ್ತಿತ್ತು. ನಾವೆಲ್ಲ ಒಬ್ಬರನ್ನೊಬ್ಬರು ನೋಡಿಕೊಂಡೆವು, ಕೊನೆಗೂ ಸಾಕ್ಷಿ ಸಿಕ್ಕಿತು ಎಂದು. ಆಮೇಲೆ ವರದಿ ಬಂತು. ಗರಗಸ ಓಡುವುದು ಕೆಲವು ನಿಮಿಷ, ಸುತ್ತಿಗೆ ಬೀಳುವುದು ಕೆಲವು ನಿಮಿಷ, ಉಳಿದ ಹೊತ್ತು ಗಾಯ ಹೊಲಿಯುವುದು, ಬಟ್ಟೆ ಹೊದಿಸುವುದು. ಎಲ್ಲವನ್ನೂ ಇಡೀ ದಿನಕ್ಕೆ ಹಂಚಿ ಸರಾಸರಿ ತೆಗೆದರೆ ಸದ್ದು ಮಿತಿಯೊಳಗೇ ಇದೆಯಂತೆ. ಆದ್ದರಿಂದ ನನ್ನದು ವಯಸ್ಸಿನ ದೋಷವಂತೆ. "ಸರಾಸರಿ ಕೇಳಿಸಿಕೊಂಡಿಲ್ಲ ಸರ್, ಒಂದೊಂದೇ ಏಟು ಕೇಳಿಸಿಕೊಂಡಿದ್ದೇನೆ" ಎಂದೆ. ಆಸ್ಪತ್ರೆಯ ಅಧಿಕಾರಿ ಒಳ್ಳೆಯವರೇ. ಏನೋ ಹೇಳಿದರು. ಕೇಳಿಸಲಿಲ್ಲ. ಬಹುಶಃ ಸಮಾಧಾನ ಹೇಳಿರಬೇಕು.

ಒಂದು ಕೆಲಸ ಮಾತ್ರ ಆಯಿತು. ಕಿವಿ ಕೇಳಿಸದವಳನ್ನು ಥಿಯೇಟರಿನಲ್ಲಿ ಇಟ್ಟುಕೊಳ್ಳಲಾಗದು ಎಂದು ಬಟ್ಟೆಯ ಸ್ಟೋರಿಗೆ ಹಾಕಿದ್ದಾರೆ. ಅದನ್ನು ತಪ್ಪು ಎನ್ನಲೂ ನನಗೆ ಬಾಯಿಲ್ಲ. ಗೌನು ಎಣಿಸಿ ಕೊಡುತ್ತೇನೆ, ಗೌನು ಎಣಿಸಿ ತೆಗೆದುಕೊಳ್ಳುತ್ತೇನೆ. ಥಿಯೇಟರಿನವರಿಗೆ ಒಂದು ಡಬ್ಬಿ ತುಂಬ ಕಿವಿಗೆ ಸಿಕ್ಕಿಸುವ ಬಿರಡೆ ಕೊಟ್ಟಿದ್ದಾರೆ. ಯಾರೂ ಮುಟ್ಟುವುದಿಲ್ಲ. ಹಾಕಿಕೊಂಡರೆ ಡಾಕ್ಟರ ಮಾತು ಕೇಳಿಸದು, ಹಾಕಿಕೊಳ್ಳದಿದ್ದರೆ ಮುಂದೊಂದು ದಿನ ಯಾರ ಮಾತೂ ಕೇಳಿಸದು. ಏನು ಮಾಡಬೇಕು ಹೇಳು. ನನ್ನ ಜಾಗಕ್ಕೆ ಬಂದಿರುವ ಹುಡುಗಿ, "ಮನೆಗೆ ಹೋದ್ರೂ ಕಿವಿ ಗುಂಯ್ ಅನ್ನುತ್ತೆ ಸಿಸ್ಟರ್, ಬೆಳಿಗ್ಗೆ ಹೋಗಿರುತ್ತೆ" ಎಂದು ನಗುತ್ತಾಳೆ. ಹೋಗುವುದಿಲ್ಲ ಕಣೇ, ಅಭ್ಯಾಸವಾಗುತ್ತದೆ ಎಂದು ಹೇಳಿದೆ. ಅಷ್ಟರಲ್ಲಿ ಅವಳು ಮಾಸ್ಕ್ ಏರಿಸಿಕೊಂಡಿದ್ದಳು. ಏನು ಉತ್ತರ ಕೊಟ್ಟಳೋ.

ಕಿವಿಗೆ ಮಷೀನು ಹಾಕಿಸಿಕೊಂಡಿದ್ದೇನೆ. ತಟ್ಟೆಯ ಸದ್ದು, ಕಾಗದದ ಸದ್ದು, ಬಸ್ಸಿನ ಹಾರ್ನು, ಎಲ್ಲ ಒಟ್ಟಿಗೆ ನುಗ್ಗುತ್ತದೆ. ಮಾತು ಮಾತ್ರ ಆ ಗುಂಪಿನ ಹಿಂದೆ ನಿಂತುಬಿಡುತ್ತದೆ.

ನಿನ್ನ ಅಕ್ಕ


ಡಿಸೆಂಬರ್ ೧೪

ಪಿಟೀಲು,

ಅಮ್ಮನ ಕಾರ್ಯ ಮುಗಿಸಿಕೊಂಡು ಊರು ಸೇರಿದೆ. ಅಮ್ಮನ ಕೊನೆಯ ದಿನಗಳಲ್ಲಿ ನೀನು ನನ್ನನ್ನು ಅವಳ ಪಕ್ಕದಿಂದ ಏಳಿಸಲಿಲ್ಲ. ಅಡಿಗೆ, ಔಷಧಿ, ಬಂದವರಿಗೆ ಉತ್ತರ, ಎಲ್ಲ ನೀನೇ ನೋಡಿಕೊಂಡೆ. ಏಕೆಂದು ನನಗೆ ಗೊತ್ತಿದೆ, ಮೇ ತಿಂಗಳ ಆ ಕಾಗದಕ್ಕಾಗಿ.

ಕೇಳಬೇಕೋ ಬೇಡವೋ ಎಂದು ಈ ವಾರವೆಲ್ಲ ಒದ್ದಾಡಿದೆ. ಕಫ ಕಟ್ಟಿ ಅಮ್ಮನ ಉಸಿರು ಸಣ್ಣದಾಗಿತ್ತಲ್ಲ, ಆ ಸಂಜೆ ಅವಳು ನನ್ನ ಕೈ ಹಿಡಿದು ಹತ್ತಿರಕ್ಕೆ ಎಳೆದಳು. ಏನೋ ಹೇಳಬೇಕಿತ್ತು ಅವಳಿಗೆ. ನಾನು ಬಾಗಿದೆ. ಅವಳು ನನ್ನ ಕುತ್ತಿಗೆ ಹಿಡಿದು ಬಾಯಿಯನ್ನು ಕಿವಿಗೇ ಇಟ್ಟಳು. ಅಷ್ಟು ಹತ್ತಿರ ಬಂದರೆ ಈ ಮಷೀನು ಸೀಟಿ ಹೊಡೆಯುತ್ತದೆ. ಕಿರ್ ಎಂದು ಕಿವಿ ತುಂಬ ಅದೇ. ಕಿತ್ತು ತೆಗೆಯೋಣವೆಂದರೆ ಒಂದು ಕೈ ಅವಳು ಹಿಡಿದಿದ್ದಳು, ಇನ್ನೊಂದು ಅವಳ ತಲೆಯ ಕೆಳಗಿತ್ತು. ತೆಗೆದಿದ್ದರೂ ಕೇಳಿಸುತ್ತಿತ್ತೆಂದು ಹೇಳಲಾರೆ. ಅವಳು ಬಹಳ ಹೊತ್ತು ಮಾತಾಡಿದಳು. ಅವಳ ಉಸಿರು ಕಿವಿಗೆ ತಾಗುತ್ತಿತ್ತು. ಮಾತಿನ ಬಿಸಿ ಇತ್ತು, ಮಾತಿರಲಿಲ್ಲ. ಮುಗಿಸಿ ನನ್ನ ಮುಖ ನೋಡಿದಳು. ಉತ್ತರ ಕಾಯುತ್ತಿದ್ದಳು. ನಾನು "ಆಗಲಿ ಅಮ್ಮಾ" ಅಂದೆ. ಅವಳ ಮುಖ ಸಡಿಲವಾಯಿತು. ಆಮೇಲೆ ಅವಳು ಮಾತಾಡಲಿಲ್ಲ.

ಯಾವುದಕ್ಕೆ ಆಗಲಿ ಅಂದೆ ನಾನು? ಏನನ್ನೋ ನಡೆಸಿಕೊಡುತ್ತೇನೆ ಎಂದು ಮಾತು ಕೊಟ್ಟೆನೇ? ಕ್ಷಮಿಸು ಎಂದಳೇ, ಕ್ಷಮಿಸಿದ್ದೇನೆ ಎಂದಳೇ? ನೀನು ಬಾಗಿಲ ಹತ್ತಿರ ಇದ್ದೆ ಎಂದು ನನ್ನ ನೆನಪು. ನಿನಗೆ ಕೇಳಿಸಿತೇ? ಒಂದು ಪದವಾದರೂ?

ನಿನ್ನ ಅಕ್ಕ


ಡಿಸೆಂಬರ್ ೨೨

ಅಕ್ಕಾ,

ಈ ಉತ್ತರವನ್ನು ನಾನು ಬೇರೆ ಬೇರೆ ರೀತಿಯಲ್ಲಿ ಬರೆದು ನೋಡಿದೆ. ಒಂದರಲ್ಲಿ ಅಮ್ಮ ನಿನ್ನನ್ನು ಹರಸಿದಳು. ಒಂದರಲ್ಲಿ, "ನಿನ್ನ ತಪ್ಪೇನೂ ಇಲ್ಲ ಮಗಳೇ" ಅಂದಳು. ಎರಡೂ ಅಮ್ಮನ ಮಾತಿನ ಹಾಗೇ ಇದ್ದವು. ನೀನು ನಂಬುತ್ತಿದ್ದೆ. ಲಕೋಟೆಗೂ ಹಾಕಿದ್ದೆ, ಅಂಟಿಸುವ ಮುಂಚೆ ತೆಗೆದು ಹರಿದೆ. ಕೇಳಿಸಿದ ಹಾಗೆ ನಟಿಸುವುದು ನಮ್ಮಿಬ್ಬರ ನಡುವೆ ಇನ್ನು ಸಾಕು.

ನಾನು ಬಾಗಿಲಲ್ಲಿ ಇರಲಿಲ್ಲ. ಅಮ್ಮ ನಿನ್ನನ್ನು ಎಳೆದುಕೊಂಡದ್ದು ನೋಡಿ, ಇದು ನಿಮ್ಮಿಬ್ಬರದ್ದು ಎಂದು ಬಾಗಿಲು ಮುಂದೆ ಮಾಡಿ ಹೊರಗೆ ಬಂದುಬಿಟ್ಟೆ. ಮೆಟ್ಟಿಲ ಮೇಲೆ ಕೂತಿದ್ದೆ. ಅಮ್ಮನ ಮಾತು ಒಂದೂ ನನಗೆ ಕೇಳಿಸಲಿಲ್ಲ. ಅವಳು ಹೇಳಿದ್ದು ಏನೆಂದು ಈಗ ಯಾರಿಗೂ ಗೊತ್ತಿಲ್ಲ.

ನೀನು "ಆಗಲಿ ಅಮ್ಮಾ" ಅಂದದ್ದು ಮಾತ್ರ ಕೇಳಿಸಿತು. ಅಷ್ಟು ಜೋರಾಗಿ ಅಂದೆ ನೀನು. ಬೀದಿಯಲ್ಲಿ ಹೋಗುತ್ತಿದ್ದವರು ನಿಂತು ನಮ್ಮ ಮನೆಯ ಕಡೆ ನೋಡಿದರು.

ಪಿಟೀಲು